ಓಪನ್‌ಸಿವಿಯಲ್ಲಿ ಚಿತ್ರ ಸರಿಯಾಗಿ ಕಾಣದಿದ್ದಾಗ: ಕಾರಣ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ವಿದ್ಯಾರ್ಥಿಗಳು ಕಾಲೇಜಿನ ಪ್ರಾಜೆಕ್ಟಿಗೆ ಚಿತ್ರ ಗುರುತಿಸುವ ಕೆಲಸ ಎತ್ತಿಕೊಂಡರೆ ಅದಕ್ಕೆ ಬೇಕಾದ ವಿಷಯ ಮನೆಯ ಅಂಗಳದಲ್ಲೇ ಸಿಗುತ್ತದೆ. ಒಣಗಿದ ಚಾಲಿ ಅಡಿಕೆಯಿಂದ ಪಟೋರ, ಕರಿಗೋಟು ಎಂಬ ಕೆಳದರ್ಜೆಯ ಅಡಿಕೆ ಬೇರೆ ಮಾಡುವುದು, ಅಡಿಕೆ ಸೋಗೆಯಲ್ಲಿ ಎಲೆಚುಕ್ಕಿ ಪತ್ತೆಹಚ್ಚುವುದು, ಹಳದಿ ಎಲೆ ರೋಗ ತಗಲಿದ ಮರವನ್ನು ದೂರದಿಂದಲೇ ಗುರುತಿಸುವುದು, ಇಂಥವು. ಇವಕ್ಕೆಲ್ಲ ಪೈಥಾನ್ ಜೊತೆಗೆ ಬಳಸುವ ಲೈಬ್ರರಿ ಓಪನ್‌ಸಿವಿ. 1999ರಲ್ಲಿ ಇಂಟೆಲ್ ಕಂಪನಿಯೊಳಗೆ ಶುರುವಾಗಿ, ಆಮೇಲೆ ಯಾರು ಬೇಕಾದರೂ ಉಚಿತವಾಗಿ ಬಳಸುವಂತಾದ ಲೈಬ್ರರಿ ಅದು. ಆದರೆ ಮಾದರಿಗೆ ತರಬೇತಿ ಕೊಡುವ ಹಂತ ಬರುವ ಮೊದಲೇ, ಒಂದು ಚಿತ್ರ ತೆರೆದು ಪರದೆಯ ಮೇಲೆ ತೋರಿಸುವಲ್ಲೇ ಕೆಲಸ ಕೈಕೊಡುವುದುಂಟು. ವಿಂಡೋ ಬೂದುಬಣ್ಣದಲ್ಲಿ ನಿಂತುಬಿಡುತ್ತದೆ, ಅಥವಾ ಹಣ್ಣಡಿಕೆ ನೀಲಿಯಾಗಿ ಕಾಣುತ್ತದೆ, ಅಥವಾ ವಿಂಡೋವೇ ಬರದೆ ಕೆಂಪಕ್ಷರದ ದೋಷ ಸಂದೇಶವೊಂದು ಬಂದು ಕೂರುತ್ತದೆ.

ಈ ತೊಂದರೆಗಳ ಉತ್ತರಗಳು ಇಂಗ್ಲಿಷಿನಲ್ಲಿ ಚದುರಿ ಬಿದ್ದಿವೆ. ಆದರೆ ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಟ್ಟವರಿಗೆ, ಚಿತ್ರದ ಮೇಲೆ ಕನ್ನಡ ಅಕ್ಷರ ಬರೆಯಬೇಕಾದವರಿಗೆ ಬರುವ ತೊಂದರೆಗಳ ಬಗ್ಗೆ ಅಲ್ಲಿ ಓದಲು ಸಿಗುವುದು ಕಡಿಮೆ. ಇಲ್ಲಿ ಅವಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಆಜ್ಞೆಗಳ ಹೆಸರನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಪ್ರೋಗ್ರಾಂನಲ್ಲಿ ಅವನ್ನು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಮೊದಲು ತೊಂದರೆ ಯಾವ ಹಂತದ್ದೆಂದು ನೋಡಿ

ಚಿತ್ರ ಪರದೆಗೆ ಬರುವ ದಾರಿಯಲ್ಲಿ ಮೂರು ಹಂತಗಳಿವೆ. ಡಿಸ್ಕಿನಲ್ಲಿರುವ ಫೈಲನ್ನು ಇಮ್‌ರೀಡ್ ಓದುತ್ತದೆ. ಓದಿದ್ದು ನಂಪೈ ಅರೇಯಾಗಿ, ಅಂದರೆ ಸಂಖ್ಯೆಗಳ ದೊಡ್ಡ ಕೋಷ್ಟಕವಾಗಿ, ಮೆಮೊರಿಯಲ್ಲಿ ಇರುತ್ತದೆ. ಆ ಅರೇಯನ್ನು ಇಮ್‌ಶೋ ವಿಂಡೋದಲ್ಲಿ ಬಿಡಿಸುತ್ತದೆ. ಕಾಣಿಸುವ ಕೆಲಸ ಕೊನೆಯದಾದ್ದರಿಂದ ದೋಷ ಎಲ್ಲಿದ್ದರೂ ಬೈಗುಳ ಇಮ್‌ಶೋಗೇ ಬೀಳುತ್ತದೆ. ಬಹಳಷ್ಟು ಸಲ ತಪ್ಪು ಅದರದಲ್ಲ. ಆದ್ದರಿಂದ ಕೋಡ್ ಬದಲಿಸುವ ಮೊದಲು, ಯಾವ ಹಂತದವರೆಗೆ ಚಿತ್ರ ಸರಿಯಾಗಿತ್ತು ಎಂದು ತಿಳಿದುಕೊಳ್ಳಬೇಕು.

ಇಮ್‌ರೀಡ್ ಸಾಲಿನ ಕೂಡಲೇ ಕೆಳಗೆ ನಾಲ್ಕು ಪ್ರಿಂಟ್ ಹಾಕಿ. ಅರೇ ‘ನನ್’ (ಏನೂ ಇಲ್ಲ) ಆಗಿದೆಯೇ, ಅದರ ಶೇಪ್ (ಅಳತೆ) ಏನು, ಡಿಟೈಪ್ (ಸಂಖ್ಯೆಗಳ ಬಗೆ) ಏನು, ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಬೆಲೆ ಎಷ್ಟು. ಮೊಬೈಲಿನಲ್ಲಿ ತೆಗೆದ ಸಾಮಾನ್ಯ ಫೋಟೊ ಆದರೆ ಶೇಪ್ ಎಂದು (3000, 4000, 3) ಥರದ್ದು ಬರಬೇಕು. ಮೊದಲನೆಯದು ಎತ್ತರ, ಎರಡನೆಯದು ಅಗಲ, ಮೂರನೆಯದು ಬಣ್ಣದ ಪದರಗಳ ಸಂಖ್ಯೆ. ಡಿಟೈಪ್ ಯುಇಂಟ್8 ಇರಬೇಕು. ಬೆಲೆಗಳು 0 ಮತ್ತು 255ರ ನಡುವೆ ಹರಡಿರಬೇಕು. ಈ ನಾಲ್ಕು ಉತ್ತರ ಕೈಯಲ್ಲಿದ್ದರೆ ಮುಂದಿನ ಹುಡುಕಾಟದ ಅರ್ಧಕ್ಕಿಂತ ಹೆಚ್ಚು ಮುಗಿಯಿತು ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಪರೀಕ್ಷೆಯೂ ಇದೆ. ಇಮ್‌ಶೋ ಇದ್ದ ಜಾಗದಲ್ಲಿ ಇಮ್‌ರೈಟ್ ಬಳಸಿ ಅದೇ ಅರೇಯನ್ನು ಪರೀಕ್ಷೆಗೆಂದು ಒಂದು ಪಿಎನ್‌ಜಿ ಫೈಲಾಗಿ ಉಳಿಸಿ, ಸಾಮಾನ್ಯ ಫೋಟೊ ನೋಡುವ ತಂತ್ರಾಂಶದಲ್ಲಿ ತೆರೆಯಿರಿ. ಅಲ್ಲಿ ಸರಿಯಾಗಿ ಕಂಡರೆ ಅರೇಯಲ್ಲಿ ದೋಷವಿಲ್ಲ, ಗಲಾಟೆ ವಿಂಡೋದ್ದು. ಅಲ್ಲೂ ಕೆಟ್ಟಿದ್ದರೆ ವಿಂಡೋವನ್ನು ಬಿಟ್ಟು ಅರೇಯ ಕಡೆ ತಿರುಗಿ. ದಶಮಾಂಶ ಬೆಲೆಗಳಿರುವ ಫ್ಲೋಟ್ ಅರೇ ಮಾತ್ರ ಈ ಪರೀಕ್ಷೆಗೆ ಒಗ್ಗುವುದಿಲ್ಲ. ಅದರ ಮಾತು ಮುಂದೆ ಬರುತ್ತದೆ.

ಉತ್ತರ ‘ನನ್’ ಎಂದು ಬಂದರೆ

ಓಪನ್‌ಸಿವಿಯ ಒಂದು ಸ್ವಭಾವವನ್ನು ಮೊದಲೇ ತಿಳಿದಿರಬೇಕು. ಫೈಲ್ ಸಿಗದಿದ್ದರೆ ಇಮ್‌ರೀಡ್ ದೋಷ ಎಸೆದು ನಿಲ್ಲುವುದಿಲ್ಲ. ಸದ್ದಿಲ್ಲದೆ ‘ನನ್’ ಎಂಬ ಬರಿಗೈ ಉತ್ತರ ಕೊಟ್ಟು ಮುಂದೆ ಹೋಗುತ್ತದೆ. ಹೊಸ ಆವೃತ್ತಿಗಳಲ್ಲಿ ಟರ್ಮಿನಲ್ಲಿನಲ್ಲಿ ಒಂದು ಎಚ್ಚರಿಕೆಯ ಸಾಲು ಬರುತ್ತದೆ, ಅಷ್ಟೆ. ಮುಂದೆ ಇಮ್‌ಶೋ ತಲುಪಿದಾಗ ‘ಸೈಜ್.ವಿಡ್ತ್>0 && ಸೈಜ್.ಹೈಟ್>0’ ಎಂಬ ಅಸರ್ಷನ್ ದೋಷ ಬರುತ್ತದೆ. ನಡುವೆ ಬಣ್ಣ ಬದಲಿಸುವ ಸಿವಿಟಿಕಲರ್ ಬಳಸಿದ್ದರೆ ‘!_ಎಸ್‌ಆರ್‌ಸಿ.ಎಂಪ್ಟಿ()’ ಎಂದು ಬರುತ್ತದೆ. ಎರಡರ ಅರ್ಥವೂ ಒಂದೇ: ಚಿತ್ರ ಬಂದೇ ಇಲ್ಲ. ಈ ಸಂದೇಶ ಕಂಡಾಗ ಇಮ್‌ಶೋ ಸಾಲನ್ನು ತಿದ್ದುತ್ತ ಕೂರಬೇಡಿ, ಇಮ್‌ರೀಡ್ ಸಾಲಿಗೆ ಹೋಗಿ.

ಸರಳ ಕಾರಣಗಳನ್ನು ಮೊದಲು ನೋಡೋಣ. ಬರೀ ಫೈಲಿನ ಹೆಸರು ಕೊಟ್ಟರೆ ಪೈಥಾನ್ ಹುಡುಕುವುದು ಪ್ರೋಗ್ರಾಂ ಇರುವ ಫೋಲ್ಡರಿನಲ್ಲಲ್ಲ, ನೀವು ಪ್ರೋಗ್ರಾಂ ಓಡಿಸಿದ ಫೋಲ್ಡರಿನಲ್ಲಿ. ಎಡಿಟರಿನ ಒಳಗಿಂದ ಓಡಿಸಿದಾಗ ಇವೆರಡೂ ಬೇರೆಯಾಗಿರಬಹುದು. ಒಎಸ್.ಗೆಟ್‌ಸಿಡಬ್ಲ್ಯೂಡಿ ಎಂಬ ಆಜ್ಞೆಯಿಂದ ಈಗ ಯಾವ ಫೋಲ್ಡರಿನಲ್ಲಿದ್ದೀರಿ ಎಂದು ಪ್ರಿಂಟ್ ಮಾಡಿಸಿ ನೋಡಿ. ವಿಂಡೋಸ್‌ನಲ್ಲಿ ಫೈಲಿನ ಬಾಲಪದ (ಎಕ್ಸ್‌ಟೆನ್ಶನ್) ಬಚ್ಚಿಟ್ಟಿರುವುದರಿಂದ, ನಿಮ್ಮ ಕಣ್ಣಿಗೆ ‘.ಜೆಪಿಜಿ’ ಎಂದು ಕಾಣುವ ಫೈಲಿನ ನಿಜವಾದ ಹೆಸರು ‘.ಜೆಪಿಜಿ.ಜೆಪಿಜಿ’ ಇದ್ದೀತು. ದಾರಿಯನ್ನು \ ಗುರುತು ಹಾಕಿ ಬರೆದರೆ ಇನ್ನೊಂದು ಅಪಾಯ. ಪೈಥಾನಿನಲ್ಲಿ \ ಆದ ಮೇಲೆ ‘ಎನ್’ ಅಕ್ಷರ ಬಂದರೆ ಹೊಸ ಸಾಲು, ‘ಟಿ’ ಬಂದರೆ ಟ್ಯಾಬ್. ಹಾಗಾಗಿ ‘ನ್ಯೂ’, ‘ಟೆಸ್ಟ್’ ಎಂಬ ಇಂಗ್ಲಿಷ್ ಹೆಸರಿನ ಫೋಲ್ಡರುಗಳು ದಾರಿಯಲ್ಲಿದ್ದರೆ ದಾರಿ ಮುರಿದುಬೀಳುತ್ತದೆ. \ ಬದಲು / ಬರೆಯಿರಿ, ವಿಂಡೋಸ್‌ನಲ್ಲೂ ಅದು ನಡೆಯುತ್ತದೆ.

ಐಫೋನಿನಿಂದ ನೇರವಾಗಿ ತಂದ ಫೋಟೊಗಳು ಹೆಚ್ಚಾಗಿ ಹೆಚ್‌ಇಐಸಿ ಬಗೆಯವು. ಅವನ್ನು ಓಪನ್‌ಸಿವಿ ಓದುವುದಿಲ್ಲ. ಹೆಸರಿನ ಬಾಲಪದವನ್ನು ಜೆಪಿಜಿ ಎಂದು ತಿದ್ದಿದರೂ ಪ್ರಯೋಜನವಿಲ್ಲ, ಏಕೆಂದರೆ ಅದು ನೋಡುವುದು ಹೆಸರನ್ನಲ್ಲ, ಫೈಲಿನೊಳಗಿನ ಮೊದಲ ಕೆಲವು ಬೈಟುಗಳನ್ನು. ಫೋಟೊವನ್ನು ನಿಜವಾಗಿಯೇ ಜೆಪಿಜಿಗೆ ಪರಿವರ್ತಿಸಬೇಕು.

ಫೋಲ್ಡರಿನ ಹೆಸರು ಕನ್ನಡದಲ್ಲಿದ್ದರೆ

ಇದನ್ನು ವಿವರವಾಗಿ ಹೇಳಬೇಕು. ಕೇರಳದ ಶಾಲೆಗಳಲ್ಲಿ, ಶಾಲಾ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್ ಕೊಟ್ಟ, ಉಬುಂಟು ಆಧಾರಿತ ಲಿನಕ್ಸ್ ಇರುತ್ತದೆ. ಅಲ್ಲಿ ‘ಅಡಿಕೆ ಚಿತ್ರಗಳು’ ಎಂದು ಫೋಲ್ಡರ್ ಮಾಡಿ, ಒಳಗೆ ‘ಪಟೋರ’, ‘ಕರಿಗೋಟು’ ಎಂದು ಹೆಸರಿಟ್ಟರೂ ಓಪನ್‌ಸಿವಿ ತಕರಾರಿಲ್ಲದೆ ಓದುತ್ತದೆ. ಅದೇ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ತಂದು ಮನೆಯ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದರೆ, ಅದೇ ಕೋಡಿಗೆ ‘ನನ್’ ಬರುತ್ತದೆ. ಫೈಲ್ ಕಣ್ಣೆದುರೇ ಇದೆ, ಎರಡು ಸಲ ಒತ್ತಿದರೆ ತೆರೆಯುತ್ತದೆ, ಪೈಥಾನಿಗೆ ಒಎಸ್.ಪಾತ್.ಎಕ್ಸಿಸ್ಟ್ಸ್ ಎಂದು ಕೇಳಿದರೆ ‘ಟ್ರೂ’ ಎನ್ನುತ್ತದೆ. ಇಮ್‌ರೀಡ್‌ಗೆ ಮಾತ್ರ ಸಿಗುವುದಿಲ್ಲ.

ಕಾರಣ ಇಷ್ಟು. ಪೈಥಾನ್ ಕೊಟ್ಟ ಹೆಸರು ಓಪನ್‌ಸಿವಿಗೆ ಯುಟಿಎಫ್-8 ಎಂಬ ಸಂಕೇತಪದ್ಧತಿಯ ಬೈಟುಗಳಾಗಿ ತಲುಪುತ್ತದೆ. ಲಿನಕ್ಸ್ ಅದನ್ನು ಹಾಗೆಯೇ ತೆಗೆದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಓಪನ್‌ಸಿವಿ ಫೈಲ್ ತೆರೆಯಲು ಹಳೆಯ ಪದ್ಧತಿ ಬಳಸುವುದರಿಂದ, ಆ ಬೈಟುಗಳನ್ನು ಕಂಪ್ಯೂಟರಿನ ಸ್ಥಳೀಯ ಸಂಕೇತಪಟ್ಟಿಯ ಪ್ರಕಾರ ಓದಲಾಗುತ್ತದೆ. ಕನ್ನಡದ ಮೂರು ಬೈಟಿನ ಅಕ್ಷರ ಅಲ್ಲಿ ಏನೇನೋ ಮೂರು ಗುರುತುಗಳಾಗಿಬಿಡುತ್ತದೆ. ಮಲಯಾಳದ ಹೆಸರುಗಳಿಗೂ ಇದೇ ಗತಿ. ವಿಂಡೋಸ್ ಖಾತೆಯ ಹೆಸರನ್ನೇ ಕನ್ನಡದಲ್ಲೋ ಮಲಯಾಳದಲ್ಲೋ ಇಟ್ಟಿದ್ದರೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಲ್ಲದರ ದಾರಿಯಲ್ಲೂ ಆ ಹೆಸರು ಬರುವುದರಿಂದ, ಫೈಲಿಗೆ ಇಂಗ್ಲಿಷ್ ಹೆಸರಿಟ್ಟರೂ ತೊಂದರೆ ತಪ್ಪುವುದಿಲ್ಲ.

‘ಇಂಗ್ಲಿಷಿನಲ್ಲಿ ಹೆಸರಿಡಿ’ ಎಂಬ ಸಲಹೆ ಕೊಡುವವರಿದ್ದಾರೆ. ನಾನು ಆ ಸಲಹೆ ಕೊಡುವುದಿಲ್ಲ. ಚಿತ್ರಗಳನ್ನು ವಿಂಗಡಿಸಿ ಕೊಡುವ ಅಪ್ಪನಿಗೋ ದೊಡ್ಡಪ್ಪನಿಗೋ ಓದಿ ಅರ್ಥವಾಗುವ ಹೆಸರು ಕನ್ನಡದ್ದು. ಅದನ್ನು ಬಿಡುವ ಅಗತ್ಯವಿಲ್ಲ, ಏಕೆಂದರೆ ದಾರಿ ಸುಲಭವಿದೆ. ಫೈಲನ್ನು ಓದುವ ಕೆಲಸವನ್ನು ನಂಪೈಗೆ ಬಿಡಿ, ಓದಿದ ಬೈಟುಗಳನ್ನು ಚಿತ್ರವಾಗಿ ಬದಲಿಸುವ ಕೆಲಸ ಮಾತ್ರ ಓಪನ್‌ಸಿವಿಗೆ ಕೊಡಿ. ಎರಡೇ ಸಾಲು:

ಬೈಟ್ಸ್ = ಎನ್‌ಪಿ.ಫ್ರಮ್‌ಫೈಲ್(ದಾರಿ, ಡಿಟೈಪ್=ಎನ್‌ಪಿ.ಯುಇಂಟ್8)
ಚಿತ್ರ = ಸಿವಿ2.ಇಮ್‌ಡಿಕೋಡ್(ಬೈಟ್ಸ್, ಸಿವಿ2.ಇಮ್‌ರೀಡ್_ಕಲರ್)

ಉಳಿಸುವಾಗಲೂ ಇದೇ ಉಪಾಯ, ತಿರುಗುಮುರುಗಾಗಿ. ಇಮ್‌ರೈಟ್ ಬದಲು ಇಮ್‌ಎನ್‌ಕೋಡ್‌ಗೆ ‘.ಪಿಎನ್‌ಜಿ’ ಮತ್ತು ಚಿತ್ರ ಕೊಡಿ. ಅದು ಎರಡು ಉತ್ತರ ಕೊಡುತ್ತದೆ, ಎರಡನೆಯದು ಬೈಟುಗಳ ಅರೇ. ಅದರ ಮೇಲೆ ಟುಫೈಲ್ ಕರೆದು ಕನ್ನಡ ಹೆಸರಿನ ದಾರಿ ಕೊಡಿ. ಇವೆರಡನ್ನೂ ಚಿಕ್ಕ ಫಂಕ್ಷನ್‌ಗಳಾಗಿ ಬರೆದು ಒಂದು ಫೈಲಿನಲ್ಲಿಟ್ಟುಕೊಂಡರೆ ಪ್ರತಿ ಪ್ರಾಜೆಕ್ಟಿನಲ್ಲೂ ಬಳಸಬಹುದು. ಲಿನಕ್ಸ್‌ನಲ್ಲೂ ಇವು ಹಾಗೆಯೇ ನಡೆಯುತ್ತವೆ, ಹಾಗಾಗಿ ಶಾಲೆಗೊಂದು ಮನೆಗೊಂದು ಕೋಡ್ ಇಟ್ಟುಕೊಳ್ಳಬೇಕಿಲ್ಲ.

ಕನ್ನಡ ಹೆಸರುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ತೋಟ’ ಎಂಬ ಪದದ ದೀರ್ಘ ಓಕಾರವನ್ನು ಯುನಿಕೋಡಿನಲ್ಲಿ ಒಂದೇ ಗುರುತಾಗಿಯೂ ಬರೆಯಬಹುದು, ಬಿಡಿ ಗುರುತುಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಆದ್ದರಿಂದ ಕೋಡಿನಲ್ಲಿ ಹೆಸರನ್ನು ಕೈಯಾರೆ ಟೈಪ್ ಮಾಡುವುದಕ್ಕಿಂತ ಒಎಸ್.ಲಿಸ್ಟ್‌ಡಿಐಆರ್ ಕೊಡುವ ಹೆಸರನ್ನೇ ಬಳಸುವುದು ಒಳ್ಳೆಯದು.

ವಿಂಡೋ ಬಂದಿದೆ, ಒಳಗೆ ಬೂದುಬಣ್ಣ

ನಾಲ್ಕು ಪ್ರಿಂಟೂ ಸರಿಯಾಗಿವೆ, ವಿಂಡೋ ಮಾತ್ರ ಖಾಲಿ. ಹೀಗಾದರೆ ವೇಟ್‌ಕೀ ಮರೆತುಹೋಗಿರುತ್ತದೆ. ಇಮ್‌ಶೋ ಚಿತ್ರವನ್ನು ವಿಂಡೋಗೆ ಒಪ್ಪಿಸುತ್ತದೆ, ಆದರೆ ಬಿಡಿಸು, ಸರಿಸು, ಮುಚ್ಚು ಎಂಬ ಸೂಚನೆಗಳನ್ನೆಲ್ಲ ಕೈಗೆತ್ತಿಕೊಂಡು ನಡೆಸುವುದು ವೇಟ್‌ಕೀ. ಹೆಸರು ನೋಡಿ ಅದು ಬರೀ ಕೀಲಿಗಾಗಿ ಕಾಯುವ ಆಜ್ಞೆ ಎಂದುಕೊಂಡು, ನನಗೆ ಕೀಲಿ ಬೇಡವಲ್ಲ ಎಂದು ಅಳಿಸಿಬಿಟ್ಟರೆ ಚಿತ್ರವೂ ಹೋಗುತ್ತದೆ. ಅದರ ಬದಲು ಟೈಮ್.ಸ್ಲೀಪ್ ಹಾಕಿದರೆ ನಡೆಯುವುದಿಲ್ಲ. ಆ ಹೊತ್ತಿನಲ್ಲಿ ವಿಂಡೋದ ಸೂಚನೆಗಳನ್ನು ಕೇಳುವವರೇ ಇರುವುದಿಲ್ಲ, ‘ಪ್ರತಿಕ್ರಿಯಿಸುತ್ತಿಲ್ಲ’ ಎಂದು ವಿಂಡೋಸ್ ದೂರುತ್ತದೆ.

ಒಂದೇ ಚಿತ್ರ ತೋರಿಸಬೇಕಾದರೆ ವೇಟ್‌ಕೀ(0). ಅದು ಕೀಲಿ ಒತ್ತುವವರೆಗೆ ಕಾಯುತ್ತದೆ. ಕ್ಯಾಮೆರಾದಿಂದ ಬರುವ ದೃಶ್ಯ ತೋರಿಸಬೇಕಾದರೆ ಲೂಪಿನೊಳಗೆ ವೇಟ್‌ಕೀ(1), ಅಂದರೆ ಒಂದು ಮಿಲಿಸೆಕೆಂಡ್ ಕಾದು ಮುಂದಿನ ಫ್ರೇಮಿಗೆ. ಲೂಪಿನಲ್ಲಿ 0 ಹಾಕಿದರೆ ಮೊದಲ ಫ್ರೇಮಿನಲ್ಲೇ ನಿಂತು, ಕ್ಯಾಮೆರಾ ಕೆಟ್ಟಿತೆಂಬ ಭ್ರಮೆ ಹುಟ್ಟುತ್ತದೆ. ಕೀಲಿ ಒತ್ತುವಾಗ ಮೌಸ್ ಚಿತ್ರದ ವಿಂಡೋದ ಮೇಲೆ ಒತ್ತಿರಬೇಕು. ಟರ್ಮಿನಲ್ಲಿನಲ್ಲಿ ಒತ್ತಿದ ಕೀಲಿ ಅದಕ್ಕೆ ಕೇಳಿಸದು.

ಲೂಪ್ ನಡೆಯುತ್ತಿರುವಾಗ ಮೂಲೆಯ ಗುಣಿಸು ಗುರುತು ಒತ್ತಿ ವಿಂಡೋ ಮುಚ್ಚಿದರೆ ಅದು ಮತ್ತೆ ತೆರೆದುಕೊಳ್ಳುತ್ತದೆ, ಏಕೆಂದರೆ ಮುಂದಿನ ಇಮ್‌ಶೋ ಹೊಸ ವಿಂಡೋ ಮಾಡುತ್ತದೆ. ಗೆಟ್‌ವಿಂಡೋಪ್ರಾಪರ್ಟಿಗೆ ಡಬ್ಲ್ಯೂಎನ್‌ಡಿ_ಪ್ರಾಪ್_ವಿಸಿಬಲ್ ಕೊಟ್ಟು ಕೇಳಿ, ಉತ್ತರ 1ಕ್ಕಿಂತ ಕಡಿಮೆಯಾದರೆ ಲೂಪಿನಿಂದ ಹೊರಬನ್ನಿ.

ಎರಡು ವಿಂಡೋ ಬಂದು ಒಂದು ಖಾಲಿ ಇದ್ದರೆ ಹೆಸರುಗಳನ್ನು ಹೋಲಿಸಿ. ನೇಮ್ಡ್‌ವಿಂಡೋದಲ್ಲಿ ಕೊಟ್ಟ ಹೆಸರಿಗೂ ಇಮ್‌ಶೋದಲ್ಲಿ ಕೊಟ್ಟ ಹೆಸರಿಗೂ ಒಂದು ದೊಡ್ಡಕ್ಷರದ ವ್ಯತ್ಯಾಸವಿದ್ದರೂ ಓಪನ್‌ಸಿವಿಗೆ ಅವು ಎರಡು ವಿಂಡೋ. ವಿಂಡೋಸ್‌ನಲ್ಲಿ ವಿಂಡೋದ ಹೆಸರನ್ನು ಕನ್ನಡದಲ್ಲಿ ಕೊಟ್ಟರೆ ತಲೆಪಟ್ಟಿಯಲ್ಲಿ ಅಸ್ತವ್ಯಸ್ತ ಗುರುತು ಕಾಣುತ್ತದೆ. ಇದೊಂದು ಜಾಗದಲ್ಲಿ ಇಂಗ್ಲಿಷ್ ಹೆಸರೇ ಇರಲಿ, ಅದರಿಂದ ನಷ್ಟವೇನಿಲ್ಲ.

ಇಮ್‌ಶೋ ಮತ್ತು ವೇಟ್‌ಕೀಯನ್ನು ಯಾವಾಗಲೂ ಮುಖ್ಯ ಥ್ರೆಡ್ಡಿನಲ್ಲೇ ಕರೆಯಿರಿ. ಕ್ಯಾಮೆರಾ ಓದುವುದು ಬೇರೆ ಥ್ರೆಡ್ಡಿನಲ್ಲಿದ್ದರೆ ತೊಂದರೆಯಿಲ್ಲ.

ವಿಂಡೋವೇ ಬಾರದಿದ್ದರೆ

‘ದಿ ಫಂಕ್ಷನ್ ಈಸ್ ನಾಟ್ ಇಂಪ್ಲಿಮೆಂಟೆಡ್’ ಎಂದು ಶುರುವಾಗಿ ವಿಂಡೋಸ್, ಜಿಟಿಕೆ, ಕೊಕೊ ಎಂದೆಲ್ಲ ಹೇಳುವ ಉದ್ದದ ಸಂದೇಶ ಬಂದರೆ ನಿಮ್ಮ ಕೋಡಿನಲ್ಲಿ ತಪ್ಪಿಲ್ಲ. ಇನ್‌ಸ್ಟಾಲ್ ಆಗಿರುವ ಓಪನ್‌ಸಿವಿಗೆ ವಿಂಡೋ ತೆರೆಯುವ ಭಾಗವೇ ಇಲ್ಲ. ಪೈಥಾನ್ ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್‌ನಲ್ಲಿ ಓಪನ್‌ಸಿವಿ ನಾಲ್ಕು ಹೆಸರಲ್ಲಿ ಸಿಗುತ್ತದೆ: ಓಪನ್‌ಸಿವಿ-ಪೈಥಾನ್, ಓಪನ್‌ಸಿವಿ-ಕಾಂಟ್ರಿಬ್-ಪೈಥಾನ್, ಮತ್ತು ಈ ಎರಡರ ಕೊನೆಗೂ ‘ಹೆಡ್‌ಲೆಸ್’ ಎಂದು ಸೇರಿಸಿದವು. ಹೆಡ್‌ಲೆಸ್ ಇರುವುದು ಪರದೆಯಿಲ್ಲದ ಸರ್ವರುಗಳಿಗೆ. ನೀವು ಅದನ್ನು ಹಾಕಿರದಿದ್ದರೂ ಬಂದಿರಬಹುದು. ಚಿತ್ರಗಳನ್ನು ತಿರುಗಿಸಿ ಮಗುಚಿ ಸಂಖ್ಯೆ ಹೆಚ್ಚಿಸುವ ಆಲ್ಬುಮೆಂಟೇಶನ್ಸ್‌ನಂಥ ಲೈಬ್ರರಿಗಳು ಹೆಡ್‌ಲೆಸ್ ಆವೃತ್ತಿಯನ್ನು ತಮ್ಮ ಜೊತೆಗೆ ಎಳೆದುತರುತ್ತವೆ.

ಈ ನಾಲ್ಕೂ ಸಿವಿ2 ಎಂಬ ಒಂದೇ ಫೋಲ್ಡರಿಗೆ ಬರೆಯುವುದರಿಂದ ಒಂದರ ಮೇಲೊಂದು ಕೂತು ಕಲಸಿಹೋಗುತ್ತವೆ. ಒಂದನ್ನು ಮಾತ್ರ ಅನ್‌ಇನ್‌ಸ್ಟಾಲ್ ಮಾಡಿದರೆ ಇನ್ನೊಂದರ ಫೈಲುಗಳೂ ಅದರ ಜೊತೆ ಅಳಿಸಿಹೋಗುತ್ತವೆ. ಆದ್ದರಿಂದ ಪಿಪ್ ಲಿಸ್ಟ್ ಹಾಕಿ, ಓಪನ್‌ಸಿವಿ ಎಂದು ಶುರುವಾಗುವ ಎಲ್ಲವನ್ನೂ ತೆಗೆದು, ಆಮೇಲೆ ಓಪನ್‌ಸಿವಿ-ಪೈಥಾನ್ ಒಂದನ್ನೇ ಹೊಸದಾಗಿ ಹಾಕಿ. ಸರಿಯಾಯಿತೇ ಎಂದು ನೋಡಲು ಸಿವಿ2.ಗೆಟ್‌ಬಿಲ್ಡ್‌ಇನ್‌ಫರ್ಮೇಶನ್ ಪ್ರಿಂಟ್ ಮಾಡಿ, ಅದರಲ್ಲಿ ‘ಜಿಯುಐ’ ಎಂಬ ಸಾಲು ಹುಡುಕಿ. ಅಲ್ಲಿ ‘ನನ್’ ಎಂದಿದ್ದರೆ ಇನ್ನೂ ಹೆಡ್‌ಲೆಸ್ ಉಳಿದಿದೆ.

ಲಿನಕ್ಸ್‌ನಲ್ಲಿ ‘ಎಕ್ಸ್‌ಸಿಬಿ’ ಪ್ಲಗಿನ್ ಲೋಡ್ ಆಗಲಿಲ್ಲ ಎಂಬ ಕ್ಯೂಟಿ ದೋಷ ಬಂದರೆ ಪೈಕ್ಯೂಟಿ5 ಕೂಡ ಇನ್‌ಸ್ಟಾಲ್ ಆಗಿದೆಯೇ ನೋಡಿ. ಓಪನ್‌ಸಿವಿ ವಿಂಡೋ ತೆರೆಯಲು ತನ್ನದೇ ಕ್ಯೂಟಿ ತಂದಿರುತ್ತದೆ, ಎರಡಕ್ಕೂ ಜಗಳ. ಪರದೆಯನ್ನು ಪೈಕ್ಯೂಟಿಯಲ್ಲೇ ಮಾಡುತ್ತಿದ್ದರೆ ಆಗ ಹೆಡ್‌ಲೆಸ್ ಓಪನ್‌ಸಿವಿಯೇ ಸರಿಯಾದ ಆಯ್ಕೆ. ಹೊಸ ಉಬುಂಟುವಿನಲ್ಲಿ, ಪರದೆಗೆ ಚಿತ್ರ ತರುವ ವೇಲ್ಯಾಂಡ್ ಬಗ್ಗೆ ದೂರು ಬಂದರೆ ಕ್ಯೂಟಿ_ಕ್ಯೂಪಿಎ_ಪ್ಲಾಟ್‌ಫಾರ್ಮ್ ಎಂಬ ಪರಿಸರ ಚರಕ್ಕೆ ‘ಎಕ್ಸ್‌ಸಿಬಿ’ ಎಂದು ಬೆಲೆ ಕೊಟ್ಟು ಓಡಿಸಿ.

‘ಸಿವಿ2ಗೆ ಇಮ್‌ರೀಡ್ ಎಂಬುದೇ ಇಲ್ಲ’ ಎಂದರೆ ನಿಮ್ಮ ಫೋಲ್ಡರಿನಲ್ಲಿ ಸಿವಿ2.ಪಿವೈ ಎಂಬ ನಿಮ್ಮದೇ ಫೈಲ್ ಇದೆಯೇ ನೋಡಿ. ಪೈಥಾನ್ ಅದನ್ನೇ ಲೈಬ್ರರಿ ಎಂದುಕೊಳ್ಳುತ್ತದೆ.

ಗೂಗಲ್ ಕೊಲ್ಯಾಬ್‌ನಲ್ಲಿ ಕೆಲಸ ಮಾಡುವವರಿಗೆ ಇಮ್‌ಶೋ ನಡೆಯುವುದೇ ಇಲ್ಲ. ಪ್ರೋಗ್ರಾಂ ಓಡುತ್ತಿರುವುದು ದೂರದ ಕಂಪ್ಯೂಟರಿನಲ್ಲಿ, ಅಲ್ಲಿ ಪರದೆಯಿಲ್ಲ. ಗೂಗಲ್.ಕೊಲ್ಯಾಬ್.ಪ್ಯಾಚಸ್ ಒಳಗಿರುವ ಸಿವಿ2_ಇಮ್‌ಶೋ ಬಳಸಿ. ಜುಪಿಟರ್ ನೋಟ್‌ಬುಕ್ಕಿನಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ ಎಂಬ, ಚಿತ್ರ ತೋರಿಸುವ ಇನ್ನೊಂದು ಲೈಬ್ರರಿ ಅನುಕೂಲ. ಆದರೆ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಹೋದ ಕೂಡಲೇ ಬಣ್ಣದ ತೊಂದರೆ ಎದುರಾಗುತ್ತದೆ.

ಬಣ್ಣ ತಪ್ಪಿದಾಗ

ಓಪನ್‌ಸಿವಿ ಬಣ್ಣಗಳನ್ನು ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿ ಇಡುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್, ಪಿಲ್ಲೋ, ಮತ್ತು ಮಾದರಿ ತರಬೇತಿಯ ಬಹುತೇಕ ಲೈಬ್ರರಿಗಳು ಕೆಂಪು, ಹಸಿರು, ನೀಲಿ ಎಂಬ ಕ್ರಮದಲ್ಲಿ. ಒಂದರ ಅರೇಯನ್ನು ಇನ್ನೊಂದಕ್ಕೆ ಹಾಗೆಯೇ ಕೊಟ್ಟರೆ ಕೆಂಪೂ ನೀಲಿಯೂ ಅದಲುಬದಲಾಗುತ್ತವೆ. ಕಿತ್ತಳೆ ಬಣ್ಣದ ಹಣ್ಣಡಿಕೆ ನೀಲಿಯಾಗುತ್ತದೆ, ಕೆಂಪು ಮುರಕಲ್ಲಿನ ಗೋಡೆ ನೀಲಿ ಕಲ್ಲಾಗುತ್ತದೆ. ಇದು ಎದ್ದುಕಾಣುವ ತಪ್ಪು, ಯಾರಾದರೂ ತಿದ್ದಿಕೊಳ್ಳುತ್ತಾರೆ.

ನಮ್ಮ ಕಡೆಯ ಚಿತ್ರಗಳಲ್ಲಿ ಎದ್ದುಕಾಣದ ತಪ್ಪೇ ಹೆಚ್ಚು ಅಪಾಯದ್ದು. ಹಸಿರು ನಡುವಿನ ಪದರ, ಅದು ಅದಲುಬದಲಾಗುವುದಿಲ್ಲ. ತೋಟದ ಫೋಟೊದಲ್ಲಿ ತುಂಬಿರುವುದು ಹಸಿರು. ಕ್ರಮ ತಪ್ಪಿದ್ದರೂ ತೋಟ ತೋಟದಂತೆಯೇ ಕಾಣುತ್ತದೆ, ಸ್ವಲ್ಪ ತಣ್ಣಗಿನ ಛಾಯೆ ಬಂದಿರುತ್ತದೆ ಅಷ್ಟೆ, ಮಳೆಗಾಲದ ಬೆಳಕಿರಬೇಕು ಎಂದು ಬಿಟ್ಟುಬಿಡುತ್ತೇವೆ. ಆದರೆ ಹಳದಿ ಎಂದರೆ ಕೆಂಪು ಮತ್ತು ಹಸಿರು ಸೇರಿದ್ದು. ಕ್ರಮ ತಪ್ಪಿದಾಗ ಅದು ಹಸಿರು ಮತ್ತು ನೀಲಿ ಸೇರಿದ್ದಾಗಿ, ಆಕಾಶನೀಲಿಯ ಕಡೆ ವಾಲುತ್ತದೆ. ಹಳದಿ ಎಲೆ ರೋಗ ಹುಡುಕಲು ಹೊರಟವರಿಗೆ ಬೇಕಾದದ್ದು ಆ ಹಳದಿಯೇ. ಎಚ್‌ಎಸ್‌ವಿ ಬಣ್ಣಪದ್ಧತಿಯಲ್ಲಿ ಇದನ್ನು ಅಳೆದು ನೋಡಬಹುದು. ಎಂಟು ಬಿಟ್ಟಿನ ಚಿತ್ರಕ್ಕೆ ಓಪನ್‌ಸಿವಿಯ ಹ್ಯೂ, ಅಂದರೆ ಯಾವ ಬಣ್ಣ ಎಂದು ಹೇಳುವ ಬೆಲೆ, 0ಯಿಂದ 179ರವರೆಗೆ. ಅಪ್ಪಟ ಹಳದಿ 30ರಲ್ಲಿ, ಹಸಿರು 60ರಲ್ಲಿ. ಕ್ರಮ ತಪ್ಪಿದರೆ ಹಳದಿ 90ಕ್ಕೆ ಹೋಗುತ್ತದೆ, ಹಸಿರು 60ರಲ್ಲೇ ಉಳಿಯುತ್ತದೆ. 20ರಿಂದ 35ರ ನಡುವೆ ಹುಡುಕುವ ನಿಮ್ಮ ಕೋಡಿಗೆ ರೋಗದ ಎಲೆ ಒಂದೂ ಸಿಗದು, ದೋಷ ಸಂದೇಶವೂ ಬಾರದು.

ಹೀಗಾಗಿ ತೋಟದ ಚಿತ್ರದ ಬಣ್ಣವನ್ನು ಕಣ್ಣಂದಾಜಿನಲ್ಲಿ ನಂಬಬೇಡಿ. ಹಣ್ಣಡಿಕೆಯೋ ಕೆಂಪು ದಾಸವಾಳವೋ ಇರುವ ಒಂದು ಫೋಟೊವನ್ನು ಪರೀಕ್ಷೆಗೆಂದೇ ಇಟ್ಟುಕೊಂಡು ಕೋಡಿನ ಪ್ರತಿ ದಾರಿಯಲ್ಲೂ ಒಮ್ಮೆ ಹಾಯಿಸಿ ನೋಡಿ. ಸರಿಪಡಿಸುವುದು ಸುಲಭ: ಸಿವಿಟಿಕಲರ್‌ಗೆ ಕಲರ್_ಬಿಜಿಆರ್2ಆರ್‌ಜಿಬಿ ಕೊಡಿ. ಎಲ್ಲಿ ಕೊಡುತ್ತೀರಿ ಎಂಬುದು ಮುಖ್ಯ. ಓಪನ್‌ಸಿವಿಯ ಒಳಗೆ ಇರುವಷ್ಟು ಹೊತ್ತು ನೀಲಿ-ಹಸಿರು-ಕೆಂಪು ಕ್ರಮವನ್ನೇ ಇಟ್ಟುಕೊಂಡು, ಬೇರೆ ಲೈಬ್ರರಿಗೆ ಒಪ್ಪಿಸುವ ಸಾಲಿನಲ್ಲಿ ಮಾತ್ರ ಬದಲಿಸಿ. ಓದಿದ ಕೂಡಲೇ ಬದಲಿಸಿ, ಆಮೇಲೆ ಇಮ್‌ಶೋ ಅಥವಾ ಇಮ್‌ರೈಟ್‌ಗೆ ಕೊಟ್ಟರೆ ನೀಲಿ ಅಡಿಕೆ ಮತ್ತೆ ಬರುತ್ತದೆ.

ಕಪ್ಪುಬಿಳುಪು ಚಿತ್ರ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ನೇರಳೆ, ಹಸಿರು, ಹಳದಿಯಾಗಿ ಕಂಡರೆ ಅದು ತಾನಾಗಿ ಹಚ್ಚಿಕೊಂಡ ಬಣ್ಣಪಟ್ಟಿ. ಸಿಮ್ಯಾಪ್=‘ಗ್ರೇ’ ಎಂದು ಕೊಡಿ. ಜೊತೆಗೆ ವಿಮಿನ್=0, ವಿಮ್ಯಾಕ್ಸ್=255 ಕೊಡುವುದನ್ನು ಮರೆಯಬೇಡಿ. ಕೊಡದಿದ್ದರೆ ಚಿತ್ರದ ಅತಿ ಕಡಿಮೆ ಬೆಲೆಯನ್ನು ಕಪ್ಪು, ಅತಿ ಹೆಚ್ಚನ್ನು ಬಿಳಿ ಎಂದು ಎಳೆದು ತೋರಿಸುವುದರಿಂದ ಮಬ್ಬಾದ ಫೋಟೊ ಕೂಡ ಚೆನ್ನಾಗಿದೆ ಎಂಬ ತಪ್ಪು ನಂಬಿಕೆ ಹುಟ್ಟುತ್ತದೆ.

ಪೂರ್ತಿ ಬಿಳಿ, ಪೂರ್ತಿ ಕಪ್ಪು

ಇಲ್ಲಿ ಡಿಟೈಪ್ ಪ್ರಿಂಟ್ ಉಪಯೋಗಕ್ಕೆ ಬರುತ್ತದೆ. ಯುಇಂಟ್8 ಆದರೆ ಇಮ್‌ಶೋ ಹಾಗೆಯೇ ತೋರಿಸುತ್ತದೆ. ಹದಿನಾರು ಬಿಟ್ಟಿನದಾದರೆ 256ರಿಂದ ಭಾಗಿಸುತ್ತದೆ. ಫ್ಲೋಟ್ ಆದರೆ ಬೆಲೆಗಳು 0ಯಿಂದ 1ರವರೆಗೆ ಇವೆ ಎಂದು ನಂಬಿ 255ರಿಂದ ಗುಣಿಸುತ್ತದೆ. ನಿಮ್ಮ ಫ್ಲೋಟ್ ಅರೇಯಲ್ಲಿ ಬೆಲೆಗಳು 0ಯಿಂದ 255ರವರೆಗೆ ಇದ್ದರೆ ಗುಣಿಸಿದ ಮೇಲೆ ಹೆಚ್ಚುಕಡಿಮೆ ಎಲ್ಲವೂ ಬಿಳಿಯ ಮಿತಿ ದಾಟುತ್ತವೆ, ಚಿತ್ರ ಪೂರ್ತಿ ಬಿಳಿ. 255.0ಯಿಂದ ಭಾಗಿಸಿ ತೋರಿಸಿ. ಹಾಗೆ ಭಾಗಿಸಿದ್ದನ್ನು ಇಮ್‌ರೈಟ್‌ನಲ್ಲಿ ಜೆಪಿಜಿಯಾಗಿ ಉಳಿಸಿದರೆ ಪೂರ್ತಿ ಕಪ್ಪು ಬರುತ್ತದೆ, ಏಕೆಂದರೆ ಇಮ್‌ರೈಟ್ ಆ ಗುಣಾಕಾರ ಮಾಡುವುದಿಲ್ಲ. ಮೇಲೆ ಹೇಳಿದ ಉಳಿಸಿ ನೋಡುವ ಪರೀಕ್ಷೆ ಫ್ಲೋಟಿಗೆ ಒಗ್ಗದಿರುವುದು ಇದರಿಂದಲೇ. ಉಳಿಸುವ ಮೊದಲು 255ರಿಂದ ಗುಣಿಸಿ, ಎನ್‌ಪಿ.ಕ್ಲಿಪ್‌ನಿಂದ 0–255ಕ್ಕೆ ಸೀಮಿತಗೊಳಿಸಿ, ಯುಇಂಟ್8ಗೆ ತನ್ನಿ.

ಚಿತ್ರದಲ್ಲಿ ಬೇಕಾದ ಜಾಗವನ್ನು ಗುರುತಿಸುವ ಮಾಸ್ಕ್ ಕಪ್ಪಾಗಿ ಕಂಡರೆ ಅದರಲ್ಲಿರುವುದು 0 ಮತ್ತು 1. 255ರಲ್ಲಿ 1 ಎಂದರೆ ಕಣ್ಣಿಗೆ ಕಪ್ಪೇ. 255ರಿಂದ ಗುಣಿಸಿ ತೋರಿಸಿ.

ಬಿಸಿಲಲ್ಲಿ ಹರಡಿದ ಚಾಲಿಯ ಫೋಟೊ ಬೆಳಕು ಹೆಚ್ಚಿಸಿದಾಗ, ಹೆಚ್ಚು ಹೊಳೆಯುವ ಜಾಗದಲ್ಲೇ ಕಪ್ಪು ಚುಕ್ಕಿ ಬಂದರೆ ಅದು ಅಡಿಕೆಯ ದೋಷವಲ್ಲ. ನಂಪೈ ಯುಇಂಟ್8ನಲ್ಲಿ 250ಕ್ಕೆ 10 ಕೂಡಿಸಿದರೆ 260 ಆಗದೆ, ಮಿತಿ ದಾಟಿ ಮರಳಿ 4 ಆಗುತ್ತದೆ. ಸಿವಿ2.ಆ್ಯಡ್ ಬಳಸಿ, ಅದು 255ರಲ್ಲಿ ನಿಲ್ಲಿಸುತ್ತದೆ. ಕರಿಗೋಟು ಬೇರೆ ಮಾಡುವ ಪ್ರಾಜೆಕ್ಟಿನಲ್ಲಿ ಈ ಕಪ್ಪು ಚುಕ್ಕಿಗಳು ಒಳ್ಳೆಯ ಅಡಿಕೆಯನ್ನು ಕೆಟ್ಟದ್ದೆಂದು ತೋರಿಸಿಬಿಡಬಹುದು.

ಮಾದರಿ ತರಬೇತಿಯ ಲೈಬ್ರರಿ ಪೈಟಾರ್ಚ್‌ನಿಂದ ಬಂದ ಅರೇಯಲ್ಲಿ ಬಣ್ಣದ ಪದರ ಮೊದಲಿಗಿರುತ್ತದೆ, ಶೇಪ್ (3, 224, 224) ಥರ. ಟ್ರಾನ್ಸ್‌ಪೋಸ್(1, 2, 0) ಮಾಡಿ. ಇಮೇಜ್‌ನೆಟ್ ಎಂಬ ದೊಡ್ಡ ಚಿತ್ರಸಂಗ್ರಹದ ಸರಾಸರಿ ಕಳೆದು ಭಾಗಿಸಿದ ಚಿತ್ರವಾದರೆ ಋಣ ಬೆಲೆಗಳೂ ಇರುತ್ತವೆ. ಮೊದಲು 0.229, 0.224, 0.225ರಿಂದ ಗುಣಿಸಿ, ಆಮೇಲೆ 0.485, 0.456, 0.406 ಕೂಡಿಸಿ. ಈ ಸಂಖ್ಯೆಗಳು ಕೆಂಪು-ಹಸಿರು-ನೀಲಿ ಕ್ರಮದವು.

ಗಾತ್ರ ಮತ್ತು ದಿಕ್ಕು

ಮೊಬೈಲಿನ ದೊಡ್ಡ ಫೋಟೊದ ಮೂಲೆ ಮಾತ್ರ ಕಾಣುತ್ತಿದ್ದರೆ, ಇಮ್‌ಶೋಗೆ ಮೊದಲು ನೇಮ್ಡ್‌ವಿಂಡೋದಲ್ಲಿ ವಿಂಡೋ_ನಾರ್ಮಲ್ ಕೊಡಿ, ಆಗ ವಿಂಡೋವನ್ನು ಎಳೆದು ಚಿಕ್ಕದು ಮಾಡಬಹುದು. ರಿಸೈಜ್ ಮಾಡಿದ ಮೇಲೆ ಅಡಿಕೆ ಮೊಟ್ಟೆಯಾಕಾರಕ್ಕೆ ಚಪ್ಪಟೆಯಾದರೆ ಕ್ರಮ ತಪ್ಪಿದೆ: ಶೇಪ್ ಕೊಡುವುದು ಎತ್ತರ, ಅಗಲ; ರಿಸೈಜ್ ಕೇಳುವುದು ಅಗಲ, ಎತ್ತರ. ಚಿಕ್ಕದು ಮಾಡುವಾಗ ಇಂಟರ್_ಏರಿಯಾ ಚೆನ್ನ.

ನೆಟ್ಟಗೆ ತೆಗೆದ ಫೋಟೊ ಅಡ್ಡ ಮಲಗಿದ್ದರೆ ಇಮ್‌ರೀಡ್‌ನಲ್ಲಿ ಇಮ್‌ರೀಡ್_ಅನ್‌ಚೇಂಜ್ಡ್ ಇದೆಯೇ ನೋಡಿ. ಫೋನ್ ಚಿತ್ರವನ್ನು ತಿರುಗಿಸದೆ, ಹೇಗೆ ತಿರುಗಿಸಬೇಕೆಂಬ ಟಿಪ್ಪಣಿಯನ್ನು ಫೈಲಿನಲ್ಲಿ ಬರೆದಿಡುತ್ತದೆ. ಇಮ್‌ರೀಡ್_ಕಲರ್ ಅದನ್ನು ಪಾಲಿಸುತ್ತದೆ, ಅನ್‌ಚೇಂಜ್ಡ್ ಪಾಲಿಸುವುದಿಲ್ಲ.

ಚಿತ್ರದ ಮೇಲೆ ಕನ್ನಡ ಅಕ್ಷರ

ಪುಟ್‌ಟೆಕ್ಸ್ಟ್‌ನಲ್ಲಿ ‘ಎಲೆಚುಕ್ಕಿ’ ಎಂದು ಬರೆದರೆ ಚಿತ್ರದ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಅದರ ಹರ್ಷೀ ಅಕ್ಷರರೂಪಗಳಲ್ಲಿ ಕನ್ನಡವಿಲ್ಲ. ರೈತರಿಗೆ ತೋರಿಸುವ ಕೆಲಸವಾದರೆ ಕನ್ನಡ ಬೇಕೇ ಬೇಕು, ಆದ್ದರಿಂದ ಪಿಲ್ಲೋ ಎಂಬ ಚಿತ್ರದ ಲೈಬ್ರರಿಯ ಸಹಾಯ ಪಡೆಯಿರಿ. ಚಿತ್ರವನ್ನು ಆರ್‌ಜಿಬಿಗೆ ತಿರುಗಿಸಿ, ಇಮೇಜ್.ಫ್ರಮ್‌ಅರೇಗೆ ಕೊಟ್ಟು, ಇಮೇಜ್‌ಡ್ರಾ ಮೂಲಕ ನೋಟೊ ಸಾನ್ಸ್ ಕನ್ನಡ ಫಾಂಟಿನಲ್ಲಿ ಬರೆದು, ಮತ್ತೆ ನಂಪೈ ಅರೇ ಮಾಡಿ ಬಿಜಿಆರ್‌ಗೆ ತನ್ನಿ.

ಬರೆದ ಮೇಲೆ ‘ಚುಕ್ಕಿ’ಯ ಒತ್ತಕ್ಷರ ಕೆಳಗೆ ಕೂರದೆ ‘ಚುಕ್‌ಕಿ’ ಎಂದು ಬಿಡಿಬಿಡಿಯಾಗಿ ಕಂಡರೆ ಫಾಂಟ್ ಕೆಟ್ಟಿಲ್ಲ. ಅಕ್ಷರ ಜೋಡಿಸುವ ರಾಕ್ಮ್ ಎಂಬ ಭಾಗ ಕೆಲಸ ಮಾಡುತ್ತಿಲ್ಲ. ಪಿಲ್ಲೋದ ಫೀಚರ್ಸ್.ಚೆಕ್‌ಗೆ ‘ರಾಕ್ಮ್’ ಎಂದು ಕೊಟ್ಟು ಕೇಳಿ. ‘ಫಾಲ್ಸ್’ ಬಂದರೆ ಫ್ರಿಬಿಡಿ ಎಂಬ ಚಿಕ್ಕ ಲೈಬ್ರರಿ ಬೇಕು. ಉಬುಂಟುವಿನಲ್ಲಿ ಅದು ಒಂದೇ ಆಜ್ಞೆಯಲ್ಲಿ ಬರುತ್ತದೆ. ವಿಂಡೋಸ್‌ನಲ್ಲಿ ಫ್ರಿಬಿಡಿಯ ಡಿಎಲ್‌ಎಲ್ ಫೈಲನ್ನು ಬೇರೆಯಾಗಿ ಹಾಕಬೇಕಾಗುತ್ತದೆ.

ಕಾಸರಗೋಡಿನಲ್ಲಿ ಕನ್ನಡದ ಪಕ್ಕ ಮಲಯಾಳವನ್ನೂ ಬರೆಯುವ ಅಗತ್ಯ ಬರುತ್ತದೆ. ಒಂದೇ ಸಾಲಿನಲ್ಲಿ ಎರಡನ್ನೂ ಕೊಟ್ಟರೆ ಮಲಯಾಳದ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ, ಏಕೆಂದರೆ ಪಿಲ್ಲೋ ಒಂದು ಸಲಕ್ಕೆ ಒಂದೇ ಫಾಂಟ್ ನೋಡುತ್ತದೆ, ಅದರಲ್ಲಿಲ್ಲದ ಅಕ್ಷರಕ್ಕೆ ಬೇರೆ ಫಾಂಟ್ ಹುಡುಕುವುದಿಲ್ಲ. ಕನ್ನಡದ ಪದವನ್ನು ನೋಟೊ ಸಾನ್ಸ್ ಕನ್ನಡದಲ್ಲಿ ಬರೆದು, ಟೆಕ್ಸ್ಟ್‌ಲೆಂತ್‌ನಿಂದ ಅದರ ಅಗಲ ಅಳೆದು, ಅಷ್ಟು ಬಲಕ್ಕೆ ಸರಿದು ಮಲಯಾಳದ ಪದವನ್ನು ನೋಟೊ ಸಾನ್ಸ್ ಮಲಯಾಳಂನಲ್ಲಿ ಬರೆಯಿರಿ.

ಇಷ್ಟಾದರೂ ಬಗೆಹರಿಯದೆ ಬೇರೆಯವರನ್ನು ಕೇಳಬೇಕಾದರೆ, ಪರದೆಯ ಫೋಟೊ ಒಂದನ್ನೇ ಕಳುಹಿಸಬೇಡಿ. ದೋಷ ಸಂದೇಶದ ಪೂರ್ತಿ ಪಠ್ಯ, ಮೊದಲು ಹೇಳಿದ ನಾಲ್ಕು ಪ್ರಿಂಟಿನ ಉತ್ತರ, ಪಿಪ್ ಲಿಸ್ಟಿನಲ್ಲಿ ಓಪನ್‌ಸಿವಿಯ ಸಾಲುಗಳು, ಬಿಲ್ಡ್ ಮಾಹಿತಿಯ ಜಿಯುಐ ಸಾಲು, ವಿಂಡೋಸೋ ಲಿನಕ್ಸೋ ಎಂಬುದು, ಮತ್ತು ಫೈಲಿನ ಪೂರ್ತಿ ದಾರಿ ಕಳುಹಿಸಿ. ದಾರಿಯಲ್ಲಿ ಕನ್ನಡ ಇದ್ದರೆ ಇದ್ದ ಹಾಗೆಯೇ ಕಳುಹಿಸಿ. ಕೇಳುವವರಿಗೆ ಅನುಕೂಲವಾಗಲೆಂದು ಇಂಗ್ಲಿಷಿಗೆ ತಿದ್ದಿ ಕಳುಹಿಸಿದರೆ ತೊಂದರೆಯ ಕಾರಣವೇ ಅವರ ಕಣ್ಣಿಂದ ಮರೆಯಾಗುತ್ತದೆ.